ದುಂಡು ಬಾವಿಯಲ್ಲಿ ಈಜು ಕಲಿತ ಓಟಗಾರ್ತಿ

ನನಗೆ ಓಡುವುದೊಂದು ಬಿಟ್ಟರೆ ಬೇರೇನೂ ನೆಟ್ಟಗೆ ಬರುವುದಿಲ್ಲ. ವಿನಯಕ್ಕೆ ಹೇಳುವ ಮಾತಲ್ಲ ಇದು, ನಮ್ಮ ಮನೆಯಲ್ಲಿ ಯಾರನ್ನು ಕೇಳಿದರೂ ಹೌದೆನ್ನುತ್ತಾರೆ. ನಾನು ತೊಳಸಿದ ರಾಗಿಮುದ್ದೆಯಲ್ಲಿ ಗಂಟು ಇದ್ದೇ ಇರುತ್ತದೆ. ನಾನು ಹಾಕಿದ ಒಗ್ಗರಣೆ ಸೀಯದೆ ಇಳಿದದ್ದಿಲ್ಲ. ಆದರೆ ಓಟದ ವಿಷಯಕ್ಕೆ ಬಂದರೆ ನನಗೆ ಜಂಬವಿದೆ, ಅದನ್ನು ಮುಚ್ಚಿಡುವ ಅಭ್ಯಾಸವೂ ಇಲ್ಲ. ಹತ್ತು ಸಾವಿರ ಮೀಟರ್ ಓಟದಲ್ಲಿ ರಾಜ್ಯಕ್ಕೆ ಮೊದಲು ಬರುತ್ತಿದ್ದವಳು ನಾನು. ರಾಷ್ಟ್ರಮಟ್ಟದಲ್ಲೂ ಪದಕ ತಂದಿದ್ದೇನೆ. ಮದುವೆಯಾಗಿ ಅಜ್ಜಂಪುರದ ಹತ್ತಿರದ ಈ ತೋಟದ ಮನೆಗೆ ಬಂದ ಮೇಲೂ, ಹೈಸ್ಕೂಲಿನಲ್ಲಿ ಆಟದ ಟೀಚರ್ ಆದ ಮೇಲೂ, ದಿನಾ ಬೆಳಗ್ಗೆ ರೈಲ್ವೆ ಗೇಟಿನ ತನಕ ಓಡಿ ಬರದಿದ್ದರೆ ಕಾಫಿ ನನಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಹೋದ ವರ್ಷ ಯುಗಾದಿ ಕಳೆದ ಸ್ವಲ್ಪ ದಿನಕ್ಕೆ ಎಡಗಾಲಿನ ಕಣಕಾಲ ಮೂಳೆ ನೋಯತೊಡಗಿತು. ಅದೇನೂ ಹೊಸದಲ್ಲ. ಹಿಂದೆ ಎರಡು ಸಲ ಅದೇ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟು ವಾಸಿಯಾಗಿತ್ತು. ಈ ಸಲ ತರೀಕೆರೆಯ ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಬಹಳ ಹೊತ್ತು ನೋಡುವ ಡಾಕ್ಟರನ್ನು ಕಂಡರೆ ನನಗಾಗುವುದಿಲ್ಲ.

"ದಿನಾ ಓಡೋದು ಇನ್ನು ಆಗಲ್ಲ ಮೇಡಂ," ಅಂದರು. "ವಾಸಿಯಾದ ಮೇಲೆ ವಾರಕ್ಕೆ ಎರಡು ಸಲ ಓಡಿ, ಮಣ್ಣು ನೆಲದ ಮೇಲೆ. ಇದು ಹೀಗೇ ಒಡೀತಾ ಹೋದ್ರೆ ಮುಂದೆ ನಡೆಯೋದೂ ಕಷ್ಟ ಆಗುತ್ತೆ."

"ವಾರಕ್ಕೆ ಎರಡು ಸಲ ಊಟ ಮಾಡಿ ಅಂದ್ರೆ ನೀವು ಮಾಡ್ತೀರಾ ಸಾರ್?" ಅಂದೆ. ಅವರು ನಕ್ಕರು. ನನಗೆ ನಗು ಬರಲಿಲ್ಲ.

ಮನೆಗೆ ಬಂದವಳು ಎಲ್ಲರ ಮೇಲೂ ಹರಿಹಾಯ್ದೆ. ಕೋಪ ನನಗೆ ಮೊದಲೇ ಮೂಗಿನ ತುದಿಯಲ್ಲಿ. ಓಡಿ ಅದನ್ನು ಇಳಿಸಿಕೊಳ್ಳುವ ದಾರಿಯೂ ಈಗ ಮುಚ್ಚಿತ್ತು. ನಮ್ಮ ಮನೆಯವರು ತೆಂಗಿನಕಾಯಿ ವ್ಯಾಪಾರ ಮಾಡುತ್ತಾರೆ, ಸ್ವಂತ ಟೆಂಪೋ ಇದೆ, ಸ್ವಭಾವ ತಣ್ಣೀರಿನಂಥದ್ದು. ಆ ದಿನಗಳಲ್ಲಿ ಅವರು ಹೊತ್ತು ಹುಟ್ಟುವ ಮೊದಲೇ ಟೆಂಪೋ ಹತ್ತಿ, ಹೊತ್ತು ಮುಳುಗಿದ ಮೇಲೆ ಇಳಿಯುವುದನ್ನು ರೂಢಿ ಮಾಡಿಕೊಂಡರು. ತಪ್ಪಿಸಿಕೊಳ್ಳಲು ಅತ್ತೆಗೆ ಟೆಂಪೋ ಇರಲಿಲ್ಲ. ಮಾವ ಹೋದ ಮೇಲೆ ತೋಟದ ಯಜಮಾನಿಕೆ ಪೂರಾ ಅವರದೇ, ದನಿಯೂ ಅದಕ್ಕೆ ತಕ್ಕಂಥದ್ದು.

"ಲೇ, ಒಡ್ದಿರೋದು ನಿನ್ ಕಾಲು ಕಣೇ. ಪಾತ್ರೆ ಯಾಕೆ ಕುಕ್ತೀಯ?" ಅಂತ ನನಗೆ ಸರಿಸಮನಾಗಿ ಕೂಗಾಡುತ್ತಿದ್ದರು.

ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗಿತ್ತು. ಎದೆಗೆ ನಂಬರು ಚುಚ್ಚಿಕೊಂಡು ಗೆರೆಯ ಮೇಲೆ ನಿಲ್ಲುವುದು ಇನ್ನಿಲ್ಲ ಅಂದರೆ, ಉಳಿಯುವ ನಾನು ಯಾವಳು ಅನ್ನುವುದೇ ನನಗೆ ಗೊತ್ತಿರಲಿಲ್ಲ. ಗಂಟು ಮುದ್ದೆ ಮಾಡುವ ಒಬ್ಬ ಟೀಚರ್, ಅಷ್ಟೇ.

ಆ ಸಮಯಕ್ಕೆ ಸರಿಯಾಗಿ ದಾವಣಗೆರೆಯಿಂದ ಒಬ್ಬ ಗೆಳತಿಯ ಫೋನ್ ಬಂತು. ಗೆಳತಿ ಅನ್ನುವುದು ಈಗಿನ ಮಾತು. ಓಡುವ ಕಾಲದಲ್ಲಿ ಅವಳೂ ನಾನೂ ಒಂದೇ ಪದಕಕ್ಕೆ ಕಚ್ಚಾಡಿದವರು, ಒಂದೇ ಹಾಸ್ಟೆಲಿನಲ್ಲಿ ಮುಖ ತಿರುಗಿಸಿಕೊಂಡು ಓಡಾಡಿದವರು. ವರ್ಷ ಕಳೆದಂತೆ ಜಗಳಕ್ಕೆ ಕಾರಣ ಉಳಿಯಲಿಲ್ಲ, ಫೋನ್ ನಂಬರು ಉಳಿಯಿತು. ಅವಳು ಎರಡು ವರ್ಷದಿಂದ ಟ್ರಯಥ್ಲಾನ್ ಮಾಡುತ್ತಿದ್ದಳು.

"ನೀನೂ ಬಾರೇ," ಅಂದಳು. "ಮೊದ್ಲು ಈಜೋದು, ಆಮೇಲೆ ಸೈಕಲ್, ಕೊನೇಲಿ ಓಟ. ಮೂರೂ ಒಂದರ ಬೆನ್ನಿಗೆ ಒಂದು. ವಾರಕ್ಕೆ ಎರಡೇ ಸಲ ಓಡಿದ್ರೂ ನಡೆಯುತ್ತೆ, ಉಳಿದ ದಿನ ನೀರು, ಸೈಕಲ್ಲು."

"ಓಟ ಕೊನೇಲಿ ಬರುತ್ತಾ?"

"ಹೂಂ."

"ಹಂಗಿದ್ರೆ ಬಿಡು, ಎಲ್ರನ್ನೂ ಅಲ್ಲೇ ಹಿಡೀತೀನಿ."

ಅವಳು ನಕ್ಕಿದ್ದು ಫೋನಿನಿಂದ ಹೊರಗೂ ಕೇಳಿಸಿತು. "ಓಟಗಾರರೆಲ್ಲ ಮೊದ್ಲು ಹೇಳೋದು ಇದೇ ಮಾತು ಕಣೇ. ನಾನೂ ಹೇಳಿದ್ದೆ. ಕೊನೇಗೆ ಓಡಬೇಕಾದ್ರೆ ಮೊದ್ಲು ನೀರಿಂದ ಆಚೆ ಬರಬೇಕಲ್ಲ? ನಿನಗೆ ಈಜು ಬರುತ್ತಾ?"

ಬರುತ್ತಿರಲಿಲ್ಲ. ಕೆರೆ ಕಂಡರೆ ದೂರದಿಂದಲೇ ಕೈಮುಗಿಯುವವಳು ನಾನು.

ಸಂಕ್ರಾಂತಿ ಕಳೆದ ಮೇಲೆ ಪಕ್ಕದ ಜಿಲ್ಲೆಯ ಒಂದು ದೊಡ್ಡ ಕೆರೆಯಲ್ಲಿ ಸ್ಪರ್ಧೆಯಿದೆ ಅಂದಳು. ಈಜು ಒಂದೂವರೆ ಕಿಲೋಮೀಟರ್, ಸೈಕಲ್ ನಲವತ್ತು, ಓಟ ಹತ್ತು. ಈಜಿಗೆ ಇಂತಿಷ್ಟು ಹೊತ್ತು ಅಂತ ಗಡುವು. ಅಷ್ಟರೊಳಗೆ ದಡ ಹತ್ತದಿದ್ದರೆ ಅಲ್ಲಿಗೇ ಆಟ ಮುಗಿಯಿತು, ಸೈಕಲ್ ಮುಟ್ಟುವ ಹಾಗಿಲ್ಲ, ಓಟದ ಮಾತಂತೂ ಇಲ್ಲವೇ ಇಲ್ಲ. ನಾನು ಮನೆಯವರಿಗೆ ಹೇಳಿದೆ, "ಇದೊಂದು ನೋಡ್ತೀನಿ ರೀ. ನೀರಲ್ಲೇ ನಿಂತುಹೋದ್ರೆ ಮತ್ತೆ ಯಾವ ರೇಸಿನ ಹೆಸರೂ ಎತ್ತಲ್ಲ. ಬೂಟು ಯಾರಿಗಾದ್ರೂ ಕೊಟ್ಟುಬಿಡ್ತೀನಿ." ಅವರು ನನ್ನ ಮುಖ ನೋಡದೆ "ನೋಡಾಣ" ಅಂದರು. ನಾನು ಆಡಿದ ಮಾತು ತಪ್ಪುವವಳಲ್ಲ ಅನ್ನುವುದು ಅವರಿಗೆ ಗೊತ್ತು.

ಅವರು ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಬಾಯಿ ಬಿಟ್ಟದ್ದೇ ತಡ, ಅಲ್ಲಿ ಎರಡು ಪಕ್ಷಗಳಾದವಂತೆ. ಹತ್ತು ಕಿಲೋಮೀಟರ್ ಓಡುವ ದಮ್ಮು ಇದ್ದವರಿಗೆ ನೀರೇನು, ಸೈಕಲ್ಲೇನು, ದಮ್ಮು ಒಂದೇ ತಾನೆ ಅಂತ ಒಂದು ಪಕ್ಷ. ಇನ್ನೊಂದು ಪಕ್ಷದವರಲ್ಲಿ ಯಾರೋ, "ಎತ್ತು ಚೆನ್ನಾಗ್ ಉಳ್ತೈತೆ ಅಂತ ಹಾಲು ಕರೆಯೋಕಾಯ್ತದಾ?" ಅಂದರಂತೆ. ನಾನು ಮೊದಲನೆಯ ಪಕ್ಷಕ್ಕೆ ಸೇರಿದವಳೆಂದು ಬೇರೆ ಹೇಳಬೇಕಿಲ್ಲ. ಆ ಎತ್ತಿನ ಮಾತು ಆಡಿದವರು ಯಾರೆಂದು ಮಾತ್ರ ಇವತ್ತಿಗೂ ಹುಡುಕುತ್ತಿದ್ದೇನೆ.

ಈಜುಕೊಳ ಬೇಕೆಂದರೆ ಶಿವಮೊಗ್ಗಕ್ಕೋ ಚಿಕ್ಕಮಗಳೂರಿಗೋ ಹೋಗಬೇಕು. ಬಸ್ಸು ಬದಲಿಸಿ ಹೋಗಿಬರುವುದರಲ್ಲಿ ದಿನ ಕಳೆಯುತ್ತದೆ. ನಾನು ಲೆಕ್ಕ ಹಾಕುತ್ತ ಕೂತಿದ್ದಾಗ ಅತ್ತೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದವರು ತಲೆಯೆತ್ತದೆ ಹೇಳಿದರು, "ತೋಟದಲ್ಲಿ ಬಾವಿ ಇಟ್ಕೊಂಡು ಶಿವಮೊಗ್ಗಕ್ಯಾಕೆ ಹೋದೀಯ? ನಾನ್ ಕಲಿಸ್ತೀನಿ ಬಾ."

ಅತ್ತೆಗೆ ಈಜು ಬರುತ್ತದೆಂದು ಇಷ್ಟು ವರ್ಷವಾದರೂ ನನಗೆ ಗೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಅವರ ತವರು ಸಖರಾಯಪಟ್ಟಣದ ಕಡೆ, ಕಾಲುವೆಯ ಪಕ್ಕದ ಮನೆ. ಅಣ್ಣಂದಿರ ಹಿಂದೆ ಬಿದ್ದು ನೀರಿಗೆ ಹಾರಿ ಕಲಿತದ್ದಂತೆ. ಮರುದಿನ ಸೀರೆಯನ್ನು ಕಚ್ಚೆ ಕಟ್ಟಿ, ಮೂಗು ಹಿಡಿದು, ಬಾವಿಯ ಮೇಲಿನ ಮೆಟ್ಟಿಲಿನಿಂದಲೇ ದುಡುಂ ಅಂತ ಹಾರಿದರು. ಬಾವಿಯ ನೀರೆಲ್ಲ ಗೋಡೆಗೆ ಬಡಿಯಿತು. ಮೇಲೆ ಬಂದ ಮುಖ ನಾನು ದಿನಾ ಜಗಳ ಆಡುವ ಮುಖವಾಗಿರಲಿಲ್ಲ, ಎಲ್ಲಿಂದಲೋ ಬಂದ ಒಬ್ಬ ಹುಡುಗಿ ನನ್ನನ್ನು ನೋಡಿ ನಗುತ್ತಿದ್ದಳು.

ನಮ್ಮದು ಕಲ್ಲು ಕಟ್ಟಿದ ದುಂಡು ಬಾವಿ. ಅದರ ಸ್ವಂತ ನೀರು ಬತ್ತಿ ಎಷ್ಟೋ ಕಾಲವಾಗಿದೆ. ಈಗ ಬೋರಿನ ನೀರನ್ನು ಅದಕ್ಕೆ ಬಿಟ್ಟು, ಅಲ್ಲಿಂದ ತೆಂಗಿಗೆ ಹಾಯಿಸುತ್ತೇವೆ. ಹಾಗಾಗಿ ತ್ರೀಫೇಸ್ ಕರೆಂಟ್ ಬಂದು ಬಾವಿ ತುಂಬಿದರೆ ನನಗೆ ಈಜು, ತೋಟಕ್ಕೆ ಹಾಯಿಸಿ ತಳ ಕಂಡರೆ ರಜೆ. ಸ್ಕೂಲಿಗೆ ಬೇಸಿಗೆ ರಜ ಇದ್ದದ್ದರಿಂದ ಕರೆಂಟ್ ಯಾವ ಹೊತ್ತಿಗೆ ಬಂದರೂ ನಾನು ತಯಾರು. ಎರಡು ಒಣ ತೆಂಗಿನಕಾಯಿಗಳನ್ನು ಸಿಪ್ಪೆ ಸಮೇತ ಹಗ್ಗದಿಂದ ಜೋಡಿಸಿ ಅತ್ತೆ ನನ್ನ ಬೆನ್ನಿಗೆ ಕಟ್ಟಿದರು. ನಮ್ಮ ಕಡೆ ಮಕ್ಕಳಿಗೆ ಈಜು ಕಲಿಸುವುದೇ ಹಾಗೆ. ಕಾಯಿಗಳು ತೇಲಿದವು. ಅವುಗಳ ಕೆಳಗೆ ನಾನು ನೇತಾಡಿದೆ.

"ಮೈಮೇಲೆ ಒಂದ್ ಬೊಟ್ಟು ಕೊಬ್ಬಿಲ್ಲ ನೋಡು ಇದಕ್ಕೆ. ಓಡಿ ಓಡಿ ಬರೀ ಮೂಳೆ ಉಳ್ಸ್ಕೊಂಡೈತೆ," ಅಂತ ಅತ್ತೆ ಇನ್ನೆರಡು ಕಾಯಿ ತಂದರು.

ಓಟಗಾರರು ನೀರಿಗೆ ಬಿದ್ದರೆ ಏನಾಗುತ್ತದೆ ಅನ್ನುವುದನ್ನು ನಾನು ಆ ಬೇಸಿಗೆಯಲ್ಲಿ ನನ್ನ ಮೈಮೇಲೇ ಕಲಿತೆ. ಮೊದಲನೆಯದು, ಮುಳುಗುತ್ತಾರೆ. ಅದಕ್ಕಿಂತ ಅವಮಾನದ್ದು ಇನ್ನೊಂದಿದೆ. ಮೆಟ್ಟಿಲು ಬಿಟ್ಟು, ಕಾಯಿಗಳ ಮೇಲೆ ಭಾರ ಹಾಕಿ, ಇಷ್ಟು ವರ್ಷ ರಾಜ್ಯಕ್ಕೇ ಹೆಸರು ತಂದ ಕಾಲನ್ನು ಶಕ್ತಿಯಿದ್ದಷ್ಟೂ ಬಡಿದೆ. ನಾನು ಹಿಂದಕ್ಕೆ ಹೋದೆ! ಇನ್ನೂ ಜೋರಾಗಿ ಬಡಿದರೆ ಇನ್ನೂ ಬೇಗ ಹಿಂದಕ್ಕೆ. ಓಡಿದವರ ಪಾದ ಗಟ್ಟಿಯಾಗಿ ನೆಟ್ಟಗೆ ನಿಂತುಬಿಟ್ಟಿರುತ್ತದೆ, ಮೀನಿನ ಬಾಲದ ಹಾಗೆ ಬಾಗುವುದಿಲ್ಲ ಅಂತ ಗೆಳತಿ ಆಮೇಲೆ ವಿವರಿಸಿದಳು. ಅತ್ತೆ ಮಾತ್ರ ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ನನಗೆ ಕಷ್ಟವಾದದ್ದು ಕಾಲಲ್ಲ, ತಲೆ. ಓಟದಲ್ಲಿ ಸುಸ್ತಾದರೆ ಹಲ್ಲು ಕಚ್ಚಬೇಕು. ಇನ್ನಷ್ಟು ಬಲ ಹಾಕಬೇಕು. ಅದೊಂದೇ ನನಗೆ ಗೊತ್ತಿದ್ದ ಉಪಾಯ. ನೀರಿನಲ್ಲಿ ಬಲ ಹಾಕಿದಷ್ಟೂ ಕೆಳಕ್ಕೆ ಹೋಗುತ್ತಿದ್ದೆ.

"ಜಗಳ ಆಡಬ್ಯಾಡ ಕಣೇ ನೀರಿನ್ ಜೊತೆ," ಅನ್ನುತ್ತಿದ್ದರು ಅತ್ತೆ. "ನನ್ ಜೊತೆ ಆಡೋದು ಸಾಲ್ದಾ? ಸುಮ್ನೆ ಮಲಿಕ್ಕೋ. ಅದೇ ಎತ್ತುತ್ತೆ."

ಸುಮ್ಮನೆ ಮಲಗುವುದು ನನಗೆ ಹಾಸಿಗೆಯ ಮೇಲೂ ಬರುವುದಿಲ್ಲ. ಆದರೆ ಒಂದು ದಿನ ಬಂತು. ಕಾಯಿ ಬಿಚ್ಚಿಟ್ಟು ಅಂಗಾತ ಮಲಗಿಸಿದ್ದ ಅತ್ತೆಯ ಅಂಗೈ ನನ್ನ ಬೆನ್ನಿನ ಕೆಳಗಿದೆ ಅಂದುಕೊಂಡು ಆಕಾಶ ನೋಡುತ್ತಿದ್ದೆ, ತೆಂಗಿನ ಗರಿಗಳ ನಡುವೆ ಒಂದು ತುಂಡು ನೀಲಿ. ಪಕ್ಕಕ್ಕೆ ನೋಡಿದರೆ ಅತ್ತೆ ಯಾವಾಗಲೋ ಮೆಟ್ಟಿಲು ಹತ್ತಿ ತಲೆ ಒರೆಸಿಕೊಳ್ಳುತ್ತಿದ್ದರು. ಎಷ್ಟು ಖುಷಿಯಾಯಿತೆಂದರೆ, ಕೂಗಲು ಬಾಯಿ ತೆರೆದು ನೀರು ಕುಡಿದೆ.

ಅಲ್ಲಿಂದ ಮುಂದಕ್ಕೆ ಕೆಲಸ ಸಲೀಸಾಯಿತು. ಕೈ ಬೀಸಿ ಈಜುವಾಗಲೂ ಮೊದಲು ಎರಡು ಕಾಯಿ ಬಿಚ್ಚಿದರು, ಆಮೇಲೆ ಉಳಿದ ಎರಡು. ಅತ್ತೆಯ ಕಟ್ಟಪ್ಪಣೆ ಒಂದೇ, "ಗೋಡೆ ಯಾವಾಗ್ಲೂ ನಿನ್ ಬಲಗೈಗಿರ್ಲಿ. ಸುಸ್ತಾದ್ರೆ ಕಲ್ಲು ಹಿಡ್ಕೋಬೋದು." ಹಾಗೆ ಗೋಡೆಯನ್ನು ಬಲಕ್ಕಿಟ್ಟುಕೊಂಡು ಸುತ್ತು ಹೊಡೆಯುವುದೇ ನನ್ನ ಈಜು. ಗೆಳತಿ ಕಳಿಸುತ್ತಿದ್ದ ವೀಡಿಯೋ ನೋಡಿ ಕೈ ಬೀಸುವುದು, ಉಸಿರು ಬಿಡುವುದು ತಿದ್ದಿಕೊಂಡೆ. ಮನೆಯವರು ಹಗ್ಗ ಹಿಡಿದು ಬಾವಿಯ ಸುತ್ತಳತೆ ತೆಗೆದು, ಒಂದೂವರೆ ಕಿಲೋಮೀಟರಿಗೆ ಎಷ್ಟು ಸುತ್ತು ಅಂತ ಗೋಡೆಗೆ ಸುಣ್ಣದಲ್ಲಿ ಬರೆದರು. ಗಾಣ ಸುತ್ತಿದ ಹಾಗೆ ಸುತ್ತಿದೆ. ದಸರಾ ಹೊತ್ತಿಗೆ ಅಷ್ಟೂ ಸುತ್ತು ನಿಲ್ಲದೆ ಮುಗಿಸಿದೆ, ಅದೂ ಗಡುವಿಗಿಂತ ಬೇಗ.

ಸೈಕಲ್ ಕಥೆ ಇಷ್ಟು ಉದ್ದವಿಲ್ಲ. ಕಾಲು ವಾಸಿಯಾದ ಮೇಲೆ, ಆಷಾಢದಲ್ಲಿ ಶುರುಮಾಡಿದೆ. ಆಷಾಢದ ಗಾಳಿಯಲ್ಲಿ ಅಜ್ಜಂಪುರದಿಂದ ತರೀಕೆರೆ ಕಡೆಗೆ ಸೈಕಲ್ ತುಳಿದವರಿಗೆ ಬೇರೆ ಯಾವ ಕೋಚೂ ಬೇಕಿಲ್ಲ. ಹೋಗುವಾಗ ಗಾಳಿ ಎದೆಗೆ ಕೈಯಿಟ್ಟು ತಳ್ಳುತ್ತದೆ, ಬರುವಾಗ ಬೆನ್ನಿಗೆ ಕೈಕೊಟ್ಟು ಮನೆಗೆ ಬಿಡುತ್ತದೆ. ದಮ್ಮಿಗೆ ನನ್ನಲ್ಲಿ ಬರವಿರಲಿಲ್ಲ, ತೊಡೆ ಮಾತ್ರ ಉರಿಯುತ್ತಿತ್ತು. ಓಟದ ಕಾಲು ಬೇರೆ, ತುಳಿಯುವ ಕಾಲು ಬೇರೆ ಅಂತ ಅಲ್ಲೂ ಗೊತ್ತಾಯಿತು. ಭಾನುವಾರ ಬೀರೂರಿನ ಮೇಲೆ ಕಡೂರಿನ ತನಕ ಹೋಗಿ, ಅಲ್ಲಿ ಎರಡು ಇಡ್ಲಿ ತಿಂದು ವಾಪಸು. ಸುಗ್ಗಿಯಲ್ಲಿ ರಸ್ತೆಯ ಮೇಲೆಲ್ಲ ಹುರುಳಿ ಹರಡಿರುತ್ತಾರಲ್ಲ, ವಾಹನಗಳು ತುಳಿದು ಕಾಳು ಬಿಡಲಿ ಅಂತ. ಒಂದು ಸಲ ಆ ಬಳ್ಳಿ ಚೈನಿಗೆ ಸುತ್ತಿಕೊಂಡು ನಾನು ಹುರುಳಿಯ ರಾಶಿಯ ಮೇಲೇ ಬಿದ್ದೆ. ಹುರುಳಿಯವರು ಓಡಿ ಬಂದು ಮೊದಲು ನನ್ನನ್ನು ಎತ್ತಿದರು, ಆಮೇಲೆ ಚೆನ್ನಾಗಿ ಬೈದರು.

ಗೆಳತಿ ಎರಡು ಮೂರು ಸಲ ಹೇಳಿದ್ದಳು, "ಬಾವಿ ಸಾಕು, ಒಂದ್ಸಲ ಕೆರೇಲಿ ಈಜಿ ನೋಡು." ಅತ್ತೆ ಒಪ್ಪಲಿಲ್ಲ. ನಮ್ಮ ಸುತ್ತಿನ ಕೆರೆಗಳಲ್ಲಿ ಜೊಂಡು, ಕೆಸರು, ಕಾಲು ಸಿಕ್ಕಿಕೊಂಡರೆ ಕಷ್ಟ. ನನಗೂ ಅದರ ಅಗತ್ಯ ಕಾಣಲಿಲ್ಲ. ನೀರು ನೀರೇ ತಾನೆ ಅಂತ ಮನೆಯವರೆಲ್ಲರೂ ಒಟ್ಟಾಗಿ ತೀರ್ಮಾನಿಸಿದೆವು. ನಮ್ಮ ಮನೆಯಲ್ಲಿ ಎಲ್ಲರೂ ಒಪ್ಪಿದ ವಿಷಯ ಅದೊಂದೇ, ಅದೇ ತಪ್ಪಾಗಿತ್ತು.

ಸ್ಪರ್ಧೆಯ ದಿನ ಟೆಂಪೋದಲ್ಲಿ ಹೊರಟೆವು. ಹಿಂದೆ ಸೈಕಲ್ಲು, ಕೋಡುಬಳೆ ಡಬ್ಬ, ಒಂದು ಗೊನೆ ಎಳನೀರು. ಮುಂದೆ ನಾವು ಮೂವರು. ಅತ್ತೆ ಮದುವೆ ಮನೆಗೆ ಹೊರಟವರ ಹಾಗೆ ಕೆಂಪು ಸೀರೆ ಉಟ್ಟಿದ್ದರು. ಇಳಿದು ಕೆರೆ ನೋಡಿದೆ. ಆಚೆ ದಡ ಮಂಜಿನಲ್ಲಿ ಕಾಣುತ್ತಲೇ ಇರಲಿಲ್ಲ. ಏರಿಯ ಉದ್ದಕ್ಕೂ ಈಜಿ, ದೂರದಲ್ಲಿ ಗುರುತಿಗೆಂದು ತೇಲಿಬಿಟ್ಟಿದ್ದ ಒಂದು ದೊಡ್ಡ ಹಳದಿ ಗಾಳಿ ಬುಗ್ಗೆಯನ್ನು ಸುತ್ತಿ, ಬಂದ ದಾರಿಯಲ್ಲೇ ವಾಪಸು ಬರಬೇಕು. ಗೆಳತಿ ನನ್ನ ಟೋಪಿ ಸರಿಮಾಡಿ, "ಮೊದ್ಲು ಆಚೆ ಬಾ ಸಾಕು," ಅಂದಳು.

ಸೀ‍ಟಿ ಊದಿದರು. ಎಲ್ಲರೂ ಒಮ್ಮೆಗೇ ನೀರಿಗೆ ಬಿದ್ದರು. ಯಾರದೋ ಮೊಣಕೈ ನನ್ನ ಕೆನ್ನೆಗೆ, ನನ್ನ ಕಾಲು ಯಾರದೋ ಹೊಟ್ಟೆಗೆ. ಸ್ವಲ್ಪ ಹೊತ್ತಿಗೆ ಗಲಾಟೆ ಕಡಿಮೆಯಾಯಿತು, ಸುತ್ತಮುತ್ತ ಯಾರೂ ಇಲ್ಲ. ತಲೆ ತಗ್ಗಿಸಿ ಕೈ ಬೀಸಿದೆ. ಆಹಾ, ಎಂಥ ಹಿತ! ಬಾವಿಗಿಂತ ಹಗುರವಾಗಿ ಹೋಗುತ್ತಿದ್ದೇನೆ, ಬಹುಶಃ ಎಲ್ಲರನ್ನೂ ಹಿಂದೆ ಹಾಕಿದ್ದೇನೆ ಅಂತ ಮನಸ್ಸಿನಲ್ಲೇ ಬೀಗಿದೆ.

"ಅಮ್ಮಾ! ಮೇಡಂ! ಎಲ್ಲಿಗೆ ಹೊಂಟ್ರಿ?" ಅಂತ ಯಾರೋ ಕೂಗಿದರು.

ತಲೆಯೆತ್ತಿದೆ. ಕಾವಲಿಗೆ ಬಿಟ್ಟಿದ್ದ ಹರಿಗೋಲು ನನ್ನ ಪಕ್ಕದಲ್ಲಿತ್ತು. ಎದುರಿಗೆ ಹಳದಿ ಬುಗ್ಗೆ ಇರಲಿಲ್ಲ. ನಾವು ನೀರಿಗಿಳಿದ ದಡ ಇತ್ತು, ಶುರುವಾಗುವ ಜಾಗದ ಬಣ್ಣದ ಬ್ಯಾನರು ಇತ್ತು. ಉಳಿದವರ ಟೋಪಿಗಳು ದೂರದಲ್ಲಿ, ಬೇರೆ ದಿಕ್ಕಿನಲ್ಲಿ, ಸಾಸಿವೆ ಕಾಳಿನಂತೆ ಕಾಣುತ್ತಿದ್ದವು. ನಾನು ಎಡಕ್ಕೆ ಬಾಗಿ ಬಾಗಿ, ಕೆರೆಯೊಳಗೆ ಒಂದು ದೊಡ್ಡ ಸುತ್ತು ಹೊಡೆದು ಹೊರಟಲ್ಲಿಗೇ ಬಂದಿದ್ದೆ. ಬೇಸಿಗೆಯಿಂದ ಸಂಕ್ರಾಂತಿಯ ತನಕ ದುಂಡು ಬಾವಿಯಲ್ಲಿ ಒಂದೇ ಕಡೆಗೆ ತಿರುಗಿ ತಿರುಗಿ, ನೆಟ್ಟಗೆ ಈಜುವುದು ಅಂದರೇನೆಂದೇ ನನ್ನ ಮೈಗೆ ಗೊತ್ತಿರಲಿಲ್ಲ.

ಗಡುವಿನಲ್ಲಿ ಎಷ್ಟೋ ಹೊತ್ತು ಕಳೆದಿತ್ತು. ಹರಿಗೋಲಿನವರು, "ಹತ್ತಿಬಿಡಿ ಮೇಡಂ, ದಡಕ್ಕೆ ಬಿಡ್ತೀನಿ," ಅಂತ ಕೈ ಚಾಚಿದರು. ಆ ಕೈ ಹಿಡಿದರೆ ಮುಗಿಯಿತು. ಈ ರೇಸು ಮಾತ್ರವಲ್ಲ, ಎಲ್ಲ ರೇಸೂ. ನಾನು ಆ ಕೈಯನ್ನೇ ನೋಡುತ್ತ ನೀರಿನಲ್ಲಿ ತೇಲುತ್ತಿದ್ದೆ.

ಆಗ ಏರಿಯ ಕಡೆಯಿಂದ ಒಂದು ದನಿ ಬಂತು. ಈಜುವ ಕನ್ನಡಕಕ್ಕೆ ಮಂಜು ಕಟ್ಟಿತ್ತು, ಕೆಂಪು ಸೀರೆಯ ಬಣ್ಣವೊಂದೇ ಕಂಡದ್ದು. ದನಿಗೆ ಯಾವ ಮಂಜೂ ಅಡ್ಡ ಬರಲಿಲ್ಲ.

"ಬಾವಿ ಸುತ್ತುತಿದ್ದೀಯ ಕಣೇಏಏ! ಏರಿ ನಿನ್ ಬಲಗೈಗಿರ್ಲಿ! ಏರೀನೇ ಗೋಡೆ ಅಂದ್ಕೋ! ನನ್ನೇ ನೋಡ್ಕೊಂಡ್ ಬಾ!"

ಅಷ್ಟು ಹೇಳಿ ಕೆಂಪು ಸೀರೆ ಏರಿಯ ಮೇಲೆ ಹಳದಿ ಬುಗ್ಗೆಯ ದಿಕ್ಕಿಗೆ ಹೊರಟೇಬಿಟ್ಟಿತು. ನಾನು ಹರಿಗೋಲಿನವರ ಕೈ ಹಿಡಿಯದೆ ಆ ಸೀರೆಯ ಹಿಂದೆ ಹೊರಟೆ. ಪ್ರತಿ ಸಲ ಉಸಿರಿಗೆ ಬಲಕ್ಕೆ ಮುಖ ತಿರುಗಿಸಿದಾಗ ಕೆಂಪು ಸೀರೆ ಕಾಣಬೇಕು, ಕಾಣದಿದ್ದರೆ ನಾನು ಎಡಕ್ಕೆ ಎಳೆದುಕೊಂಡು ಹೋಗಿದ್ದೇನೆ ಅಂತ ಅರ್ಥ. ಎಷ್ಟು ಸಲ ಮೈ ಎಡಕ್ಕೆ ಎಳೆಯಿತೋ, ಅಷ್ಟು ಸಲ ತಿದ್ದಿಕೊಂಡೆ. ಅತ್ತೆ ಅಲ್ಲಿ ಬಿರಬಿರನೆ ನಡೆಯುತ್ತ, ಎತ್ತು ಹೊಡೆಯುವವರ ಹಾಗೆ ಕೂಗುತ್ತಿದ್ದರು. ಬುಗ್ಗೆ ಸುತ್ತಿ ವಾಪಸು ತಿರುಗಿದ ಮೇಲೆ ಏರಿ ಎಡಕ್ಕೆ ಬಂತು. ಎಡಕ್ಕೇ ಹೋಗುವ ನನ್ನ ಮೈ ಈಗ ಏರಿಯ ಕಲ್ಲಿಗೆ ಹೋಗಿ ತಾಗುತ್ತಿತ್ತು, ಒಂದೆರಡು ಸಲ ಕೈ ತರಚಿತು, ಆದರೆ ದಾರಿ ತಪ್ಪಲು ಜಾಗವೇ ಇರಲಿಲ್ಲ.

ದಡ ಹತ್ತಿ ಮಂಡಿಯೂರಿದೆ. ಗಡಿಯಾರ ಹಿಡಿದಿದ್ದ ಅಧಿಕಾರಿ ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಹೋಗಿ ಹೋಗಿ, ಇನ್ನೂ ಟೈಮಿದೆ," ಅಂದರು. ನನ್ನ ಹಿಂದೆ ನೀರಿನಲ್ಲಿ ಉಳಿದವರು ಬೆರಳೆಣಿಕೆಯಷ್ಟು ಜನ. ರಾಜ್ಯಕ್ಕೆ ಮೊದಲು ಬರುತ್ತಿದ್ದಾಗಲೂ ಯಾರ ಮಾತೂ ನನಗೆ ಅಷ್ಟು ಸಿಹಿಯಾಗಿ ಕೇಳಿಸಿರಲಿಲ್ಲ.

ಸೈಕಲ್ ಮೇಲೆ ಕೆಲವರನ್ನು ಹಿಡಿದೆ. ಎದುರುಗಾಳಿ ಬಂದಾಗ ಉಳಿದವರು ಮುಖ ಕಿವುಚುತ್ತಿದ್ದರು. ನಾನು ಇದೂ ಒಂದು ಗಾಳಿಯಾ ಅಂದುಕೊಂಡು ತುಳಿದೆ. ಆಮೇಲೆ ಸೈಕಲ್ ಬಿಟ್ಟು ಬೂಟು ಹಾಕಿಕೊಂಡು ಓಡಲು ಹೊರಟರೆ, ಕಾಲುಗಳು ಒನಕೆಯಾಗಿದ್ದವು. ಓಟ ಗೊತ್ತಿದ್ದವಳಿಗೆ ಓಟವೇ ಮರೆತುಹೋಯಿತು ಅಂತ ಗಾಬರಿಯಾಯಿತು. ಸ್ವಲ್ಪ ದೂರ ಹೋದ ಮೇಲೆ ಅವು ತಾವಾಗಿಯೇ ಬಂದವು, ಒಮ್ಮೆಗೇ ಬಂದವು. ಮಣ್ಣಿನ ರಸ್ತೆ, ಎರಡೂ ಬದಿಗೆ ಕೊಯ್ದ ರಾಗಿ ಹೊಲ. ಹಿಂದೆ ನಾನು ಓಡುತ್ತಿದ್ದ ರೇಸುಗಳಲ್ಲಿ ನನ್ನ ಮುಂದೆ ಒಬ್ಬರೋ ಇಬ್ಬರೋ ಇರುತ್ತಿದ್ದರು, ಅಥವಾ ಯಾರೂ ಇರುತ್ತಿರಲಿಲ್ಲ. ಇಲ್ಲಿ ರಸ್ತೆ ತುಂಬ ಬೆನ್ನುಗಳು. ಒಂದೊಂದನ್ನೇ ಹಿಡಿಯುತ್ತ, ದಾಟುತ್ತ, "ಬನ್ನಿ ಬನ್ನಿ" ಅಂತ ಅವರನ್ನೂ ಹುರಿದುಂಬಿಸುತ್ತ ಓಡಿದೆ. ಓಟದಲ್ಲಿ ಇಷ್ಟೊಂದು ಜನರ ಜೊತೆ ಮಾತಾಡಬಹುದೆಂದು ನನಗೆ ಗೊತ್ತೇ ಇರಲಿಲ್ಲ.

ಗೆಳತಿಯನ್ನು ಹಿಡಿಯಲಾಗಲಿಲ್ಲ. ಕೊನೆಯ ತಿರುವಿನಲ್ಲಿ ಅವಳ ಜಡೆ ಕಂಡಿತು, ಅಷ್ಟರಲ್ಲಿ ಅವಳು ಗೆರೆ ದಾಟಿದ್ದಳು. ಹೆಂಗಸರಲ್ಲಿ ಅವಳು ಮೂರನೆಯವಳು, ನಾನು ಆರನೆಯವಳು. ಓಟದ ಭಾಗವನ್ನಷ್ಟೇ ನೋಡಿದರೆ ನನಗಿಂತ ಬೇಗ ಓಡಿದ ಹೆಂಗಸರಿರಲಿಲ್ಲ. ಅವಳು ನನ್ನ ಮುಂದೆ ನಿಂತು ಏದುಸಿರು ಬಿಡುತ್ತ, "ನೀನು ನೆಟ್ಟಗೆ ಈಜಿದ್ರೆ ನನ್ನ ಕಥೆ ಮುಗೀತಿತ್ತು ಕಣೇ," ಅಂದಳು. ಓಟಗಾರರು ಟ್ರಯಥ್ಲಾನಿನಲ್ಲಿ ಗೆಲ್ಲಬಹುದಾ ಅಂತ ಟೀ ಅಂಗಡಿಯವರು ಈಗಲೂ ಕೇಳುತ್ತಾರೆ. ಗೆಲ್ಲಬಹುದು ಅನ್ನುತ್ತೇನೆ, ಓಟದ ಜಂಬವನ್ನು ದಡದ ಮೇಲೆ ಬಿಚ್ಚಿಟ್ಟು ನೀರಿಗಿಳಿದರೆ. ನನಗೆ ಅದು ಪೂರ್ತಿ ಆಗಿಲ್ಲ, ಇನ್ನೂ ಕಲಿಯುತ್ತಿದ್ದೇನೆ.

ಮುಗಿಯುವ ಗೆರೆಯ ಹತ್ತಿರ ಮನೆಯವರು ಎಳನೀರು ಹಿಡಿದು ನಿಂತಿದ್ದರು, ನನ್ನ ತಲೆಗೊಂದು ಟವೆಲ್ಲು ಹೊದಿಸಿದರು. ಅತ್ತೆ ಇರಲಿಲ್ಲ.

"ಅಮ್ಮ ಏರಿ ಮೇಲೇ ಕೂತವ್ಳೆ. ಕರೆದ್ರೆ ಬರಲ್ಲ ಅಂತಾಳೆ," ಅಂದರು.

ಹೋಗಿ ನೋಡಿದರೆ ಅತ್ತೆ ಏರಿಯ ಕಲ್ಲಿನ ಮೇಲೆ ಬಿಸಿಲಿಗೆ ಮುಖ ಮಾಡಿ ಕೂತಿದ್ದರು. ಕೆಂಪು ಸೀರೆ ಸೊಂಟದ ತನಕ ಒದ್ದೆ, ಇಷ್ಟು ಹೊತ್ತಾದರೂ ಆರಿರಲಿಲ್ಲ.

"ಇದೇನತ್ತೆ, ಸೀರೆ?"

"ಕಾಲು ತೊಳ್ಕೊಳಾಕೆ ಇಳ್ದಿದ್ದೆ."

ಹಿಂದೆಯೇ ಬಂದ ಮನೆಯವರು ನಕ್ಕುಬಿಟ್ಟರು. "ಕಾಲು ತೊಳೆಯೋದಾ? ನೀನು ಕೆರೆ ಮಧ್ಯಕ್ಕೆ ತಿರುಗಿದ್ದು ನೋಡಿ ಸೀದಾ ನೀರಿಗೆ ನುಗ್ಗಿದ್ಲು. ಇಬ್ರು ಸೇರಿ ರಟ್ಟೆ ಹಿಡಿದು ನಿಲ್ಲಿಸಿದ್ರು. ಅಷ್ಟರಲ್ಲಿ ನೀನೇ ಸುತ್ಕೊಂಡು ಬಂದೆ."

ಅತ್ತೆ ಕೆರೆಯ ಕಡೆ ನೋಡುತ್ತ ಒದ್ದೆ ನೆರಿಗೆ ಕೊಡವಿದರು. ಆಮೇಲೆ, "ಹೆದರ್ಕೊಂಡಿದ್ದೆ ಕಣೇ," ಅಂದರು. ದನಿ ಅವರದ್ದಲ್ಲ ಅನ್ನಿಸುವಷ್ಟು ಸಣ್ಣದಾಗಿತ್ತು. "ನಾನ್ ಕಲ್ಸಿದ್ದು ನೆಟ್ಟಗಿಲ್ದೆ ನಿನ್ನ ಕಳ್ಕೊಂಬಿಟ್ನೇನೋ ಅಂತ."

ನಾನು ಪಕ್ಕದಲ್ಲಿ ಕೂತೆ. ಅವರು ಬಗ್ಗಿ ನನ್ನ ಎಡಗಾಲನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡು, ಕಣಕಾಲ ಮೂಳೆಯನ್ನು ಮೇಲಿಂದ ಕೆಳಗೆ ಹೆಬ್ಬೆಟ್ಟಿನಲ್ಲಿ ಒತ್ತಿ ನೋಡಿದರು.

"ಓಡುವಾಗ ನೋವಾಯ್ತಾ?"

ಆಗಲೇ ನನಗೆ ಗೊತ್ತಾದದ್ದು. ಅಷ್ಟು ದೂರ ಓಡಿದ್ದೆ, ಆ ಮೂಳೆಯ ನೆನಪೇ ನನಗೆ ಒಂದು ಸಲವೂ ಆಗಿರಲಿಲ್ಲ. ತರೀಕೆರೆಯಿಂದ ಬಂದ ದಿನದಿಂದ ಅದನ್ನು ನೆನೆಯದೆ ನಾನು ಮಂಚದಿಂದ ಕಾಲು ಕೆಳಗಿಟ್ಟವಳಲ್ಲ.

"ಇಲ್ಲ ಅತ್ತೆ," ಅಂದವಳು ಅವರ ಒದ್ದೆ ಸೀರೆಯಲ್ಲಿ ಮುಖವಿಟ್ಟು, ಸುತ್ತ ಜನ ಇದ್ದಾರೆ ಅನ್ನುವುದನ್ನೂ ನೋಡದೆ ಬಿಕ್ಕಿ ಬಿಕ್ಕಿ ಅಳತೊಡಗಿದೆ. ಅವರು ನನ್ನ ತಲೆಯ ಮೇಲಿನ ಟವೆಲ್ಲಿನಿಂದ ನನ್ನ ಕೂದಲು ಒರೆಸಿದರು, ಅದೇ ಟವೆಲ್ಲಿನಿಂದ ತಮ್ಮ ಕಣ್ಣನ್ನೂ.

"ಅಳೋದು ಮನೇಲಿ ಅಳ್ವಂತೆ, ಏಳು," ಅಂದರು. ದನಿ ತನ್ನ ಜಾಗಕ್ಕೆ ಬಂದಿತ್ತು. "ಮುಂದಿನ್ದು ಎಲ್ಲಿ, ಯಾವಾಗ ಅಂತ ಕೇಳ್ಕೊಂಡ್ ಬಾ ಹೋಗು."

ಎದ್ದು ಕೇಳಿಕೊಂಡು ಬಂದೆ.